ಟ್ಯಾಬಿಗೆ ಸಿಮ್ ಬೇಕಾ, ವೈಫೈ ಸಾಕಾ?

ಕಳೆದ ವಾರ ಕಕ್ಕಿಂಜೆಯಲ್ಲಿ ಸಿಕ್ಕಿದ ಪರಿಚಯದವರೊಬ್ಬರು ಕೇಳಿದ್ರು, "ಮಗಳಿಗೆ ಟ್ಯಾಬ್ ತೆಗೀಬೇಕು. ಸಿಮ್ ಹಾಕುವಂಥದ್ದು ಬೇಕಾ, ವೈಫೈ ಮಾತ್ರದ್ದು ಸಾಕಾ? ಮೂರ್ನಾಲ್ಕು ಸಾವಿರ ಫರಕ್ ಉಂಟು ಮಾರಾಯ್ರೆ." ರಸ್ತೆ ಬದಿಯಲ್ಲಿ ನಿಂತು ಹೇಳಿ ಮುಗಿಸುವ ವಿಷಯ ಅಲ್ಲ ಇದು. ಎರಡು ವರ್ಷದ ಹಿಂದೆ ಇದೇ ಪ್ರಶ್ನೆಗೆ ತಪ್ಪು ಉತ್ತರ ಕೊಟ್ಟುಕೊಂಡವ ನಾನು. ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೀತೇನೆ.

ಆ ವರ್ಷ ನಮ್ಮ ಮನೆಗೆ ಫೈಬರ್ ಬಂದಿತ್ತು. ಮನೆಯಲ್ಲೇ ನೆಟ್ ಇರುವಾಗ ಸಿಮ್ಮಿಗೆ ಯಾಕೆ ದುಡ್ಡು ಅಂತ ವೈಫೈ ಮಾತ್ರದ ಟ್ಯಾಬ್ ತಂದೆ. ಡಿಸೆಂಬರಿನಿಂದ ಮೇ ವರೆಗೆ ರಾಜ ವೈಭೋಗ. ಜೂನ್ ಬಂತು ನೋಡಿ. ನಮ್ಮಲ್ಲಿ ಫೈಬರ್ ಬರುವುದು ಹೇಗೆ ಅಂತ ನಿಮಗೆಲ್ಲ ಗೊತ್ತುಂಟು, ಕಂಬದಿಂದ ಮರಕ್ಕೆ, ಮರದಿಂದ ಕಂಬಕ್ಕೆ. ಒಂದು ಗೆಲ್ಲು ಬಿದ್ರೆ ಮುಗೀತು. ಆ ಮಳೆಗಾಲದಲ್ಲಿ ಮೂರು ಸಲ ತುಂಡಾಯ್ತು, ಒಂದು ಸಲ ಒಂಬತ್ತು ದಿನ ಇರಲಿಲ್ಲ. ಲೈನಿನ ಹುಡುಗನಿಗೆ ಬೈದು ಪ್ರಯೋಜನ ಇಲ್ಲ, ಪಾಪ, ಅವ ಎಷ್ಟು ಕಡೆಗೆ ಓಡುದು?

ಆಗ ನನ್ನ ಫೋನಿನ ಹಾಟ್‌ಸ್ಪಾಟ್ ಉಂಟಲ್ಲ ಅಂತ ಧೈರ್ಯ. ನಾನು ಮನೆಯಲ್ಲಿ ಇದ್ದಷ್ಟು ಹೊತ್ತು ಸರಿ. ಒಂದು ದಿನ ಅಡಿಕೆ ಕೊಡ್ಲಿಕ್ಕೆ ಬೆಳ್ತಂಗಡಿಗೆ ಹೋದವ ಬರುವಾಗ ಕತ್ತಲೆ. ಮನೆಯವಳ ಹತ್ತಿರ ಇರುವುದು ಗುಬ್ಬಿ ಫೋನು. ಮಗಳಿಗೆ ಮರುದಿನ ಪರೀಕ್ಷೆ, ನೋಟ್ಸ್ ಬಂದದ್ದು ವಾಟ್ಸಾಪಿನಲ್ಲಿ. ಅವಳು ಟ್ಯಾಬನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿಕೊಂಡು ಸಂಕ ದಾಟಿ ಆಚೆ ಮನೆಯವರ ವೈಫೈಗೆ ಹೋಗಿದ್ದಳು. ನಾನು ಅಂಗಳಕ್ಕೆ ಬರುವಾಗ ತೋಡು ಕೆಂಪಾಗಿ ಏರ್ತಾ ಇತ್ತು. 2019ರ ಆಗಸ್ಟ್ 9 ನೋಡಿದವರು ನಾವು. ಚಾರ್ಮಾಡಿಯ ಗುಡ್ಡೆ ಜರಿದು, ಹೊಳೆ ತೋಟದ ಮಧ್ಯೆ ಹೊಸ ದಾರಿ ಮಾಡಿಕೊಂಡು ಹೋದದ್ದು ಮರೆಯುವ ವಿಷಯವಾ? ಸಂಕದ ಹತ್ತಿರ ಟಾರ್ಚ್ ಹಿಡಿದು ನಿಂತ ಆ ಇಪ್ಪತ್ತು ನಿಮಿಷ ನನಗೆ ಗೊತ್ತು.

ಅವಳು ಬಂದಳು, ಏನೂ ಆಗಲಿಲ್ಲ. ಬೈಯಲಿಕ್ಕೆ ಬಾಯಿ ಬರಲಿಲ್ಲ. ಮನೆಯ ನೆಟ್ಟನ್ನು ಕಿಸೆಯಲ್ಲಿ ಹಾಕಿಕೊಂಡು ಪೇಟೆಗೆ ಹೋದವ ನಾನೇ.

ಅದಕ್ಕೇ ಹೇಳುದು, "ಸಿಮ್ಮಾ ವೈಫೈಯಾ" ಅಂತ ಅಂಗಡಿಯವನ ಹತ್ತಿರ ಕೇಳ್ಬೇಡಿ. ಬೆಂಗಳೂರಿನವರ ವೀಡಿಯೋ ನೋಡಿಯೂ ತೀರ್ಮಾನ ಮಾಡ್ಬೇಡಿ. "ಫೋನ್ ಹೇಗೂ ಉಂಟು, ಹಾಟ್‌ಸ್ಪಾಟ್ ಸಾಕು" ಅಂತ ಅವರು ಹೇಳುದು ಅವರ ಮಟ್ಟಿಗೆ ಸರಿ. ಅಲ್ಲಿ ಮನೆಯಲ್ಲಿ ಒಬ್ಬೊಬ್ಬರಿಗೆ ಒಂದೊಂದು ಫೋನು, ಎಲ್ಲಿ ನಿಂತರೂ ಸಿಗ್ನಲ್. ನಮ್ಮಲ್ಲಿ ಒಂದು ಒಳ್ಳೆ ಫೋನು, ಅದು ಯಜಮಾನನ ಕಿಸೆಯಲ್ಲಿ. ವೈಫೈ ಮಾತ್ರದ ಟ್ಯಾಬ್ ತಂದರೆ ಇಡೀ ಮನೆ ಆ ಒಂದು ಕಿಸೆಗೆ ಕಟ್ಟಿ ಹಾಕಿದ ಹಾಗೆ. 2021ರ ಜೂನಿನಲ್ಲಿ ಸುಳ್ಯ ಕಡೆಯ ಬಳ್ಳಕದಲ್ಲಿ ಮಗಳು ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುವಾಗ ಅಪ್ಪ ಕೊಡೆ ಹಿಡಿದು ನಿಂತ ಫೋಟೋ ಎಲ್ಲರೂ ನೋಡಿದ್ದೇವೆ. ಆ ಅಪ್ಪ ಅಲ್ಲಿ ಇದ್ದ. ಅಪ್ಪ ಇಲ್ಲದ ದಿನದ್ದು ನಾನು ಹೇಳುದು.

ನನ್ನ ಅಭಿಪ್ರಾಯ ನೇರ ಹೇಳ್ತೇನೆ: ನೆರಿಯ, ಚಾರ್ಮಾಡಿ ಅಂಥ ಗುಡ್ಡೆ ಬುಡದ ಊರಿಗೆ ಸಿಮ್ ಇರುವುದೇ ಆಗಬೇಕು. ಕಾರಣ ಮೂರು.

ಒಂದು, ಮನೆಗೆ ಎರಡನೇ ದಾರಿ ಸಿಗ್ತದೆ. ಫೋನಿನಲ್ಲಿ ಒಂದು ಕಂಪೆನಿಯ ಸಿಮ್ ಇದ್ರೆ ಟ್ಯಾಬಿಗೆ ಬೇರೆ ಕಂಪೆನಿಯದ್ದು ಹಾಕಿ. ಕರೆಂಟ್ ಹೋಗಿ ಒಂದು ಟವರ್ ಮಲಗಿದ ದಿನ ಇನ್ನೊಂದು ಎಚ್ಚರ ಇರಬಹುದು. ಸಿಡಿಲು ಬರುವಾಗ ನಾವು ರೂಟರಿನ ವಯರ್ ಎಳೆದು ಇಡ್ತೇವಲ್ಲ, ಆಗಲೂ ಟ್ಯಾಬಿನ ಬ್ಯಾಟರಿ ಉಂಟು. ಸಿಮ್ ಇರುವ ಟ್ಯಾಬಿನಿಂದ ಹಾಟ್‌ಸ್ಪಾಟ್ ಹಾಕಿ ಮನೆಯವರ ಫೋನಿಗೂ ನೆಟ್ ಕೊಡ್ಲಿಕ್ಕೆ ಆಗ್ತದೆ.

ಎರಡು, ಜಿಪಿಎಸ್. ಇದು ಹೆಚ್ಚಿನವರಿಗೆ ಗೊತ್ತಿಲ್ಲ. ಐಪ್ಯಾಡಿನಲ್ಲಿ ವೈಫೈ ಮಾತ್ರದ ಮಾದರಿಗೆ ಜಿಪಿಎಸ್ಸೇ ಇಲ್ಲ, ಸಿಮ್ ಇರುವುದಕ್ಕೆ ಮಾತ್ರ. ಆಂಡ್ರಾಯ್ಡ್ ಟ್ಯಾಬಿನಲ್ಲಿ ಕೆಲವಕ್ಕೆ ಉಂಟು, ಕೆಲವಕ್ಕೆ ಇಲ್ಲ, ವಿವರದ ಪಟ್ಟಿ ನೋಡಿಯೇ ತೆಗೀಬೇಕು. ಜಿಪಿಎಸ್ ಇಲ್ಲದ ಟ್ಯಾಬ್ ಸುತ್ತಲಿನ ವೈಫೈಗಳನ್ನು ನೋಡಿ ಜಾಗ ಅಂದಾಜು ಮಾಡ್ತದೆ. ಪೇಟೆಯಲ್ಲಿ ಸರಿ, ಅಡಿಕೆ ತೋಟದ ಮಧ್ಯೆ ಯಾರ ವೈಫೈ ಉಂಟು? 2020ರಿಂದ ಬೆಳೆ ಸಮೀಕ್ಷೆ ನಾವೇ ಆಪಿನಲ್ಲಿ ಮಾಡ್ಲಿಕ್ಕೆ ಆಗ್ತದೆ. ಸರ್ವೆ ನಂಬ್ರದ ಒಳಗೆ ನಿಂತು ಫೋಟೋ ತೆಗೀಬೇಕು, ನೀವು ಎಲ್ಲಿ ನಿಂತಿದ್ದೀರಿ ಅಂತ ಅದು ನೋಡ್ತದೆ. ಅಡಿಕೆ, ಕಾಳುಮೆಣಸಿನ ಹವಾಮಾನ ಆಧರಿತ ವಿಮೆ ಕಟ್ಟುವವರಿಗೆ ಪಹಣಿಯಲ್ಲಿ ಬೆಳೆ ಸರಿ ಇರುವುದು ಎಷ್ಟು ಮುಖ್ಯ ಅಂತ ನಾನು ಹೇಳ್ಬೇಕಾಗಿಲ್ಲ. ದೊಡ್ಡ ಪರದೆಯಲ್ಲಿ ಆ ಕೆಲಸ ಎಷ್ಟೋ ಸುಲಭ, ಆದ್ರೆ ಜಿಪಿಎಸ್ ಇಲ್ಲದಿದ್ರೆ ಟ್ಯಾಬ್ ಬರೀ ಹಲಗೆ. ಒಂದು ನೆನಪಿಡಿ, ಜಿಪಿಎಸ್ ಉಪಗ್ರಹದ್ದು. ಸಿಮ್ಮಿಗೆ ರೀಚಾರ್ಜ್ ಇಲ್ಲದಿದ್ರೂ ಅದು ನಡೀತದೆ. ಮೊದಲ ಸಲ ಜಾಗ ಹಿಡಿಯಲಿಕ್ಕೆ ನೆಟ್ ಇದ್ರೆ ಬೇಗ, ಇಲ್ಲದಿದ್ರೆ ಬಿಸಿಲು ಬೀಳುವ ಜಾಗದಲ್ಲಿ ಸ್ವಲ್ಪ ಕಾಯ್ಬೇಕು.

ಮೂರು, ಊರಿನ ನೆಟ್‌ವರ್ಕ್ ನಿಧಾನಕ್ಕೆ ಬದಲಾಗ್ತಾ ಉಂಟು. ನೆಟ್‌ವರ್ಕ್ ಇಲ್ಲದ 24,680 ಹಳ್ಳಿಗೆ 4ಜಿ ಕೊಡುವ 26,316 ಕೋಟಿಯ ಯೋಜನೆಗೆ ಕೇಂದ್ರ ಒಪ್ಪಿಗೆ ಕೊಟ್ಟದ್ದು 2022ರ ಜುಲೈಯಲ್ಲಿ. ಬಿಎಸ್‌ಎನ್‌ಎಲ್‌ನ ಸ್ವದೇಶಿ 4ಜಿ ಉದ್ಘಾಟನೆ ಆದದ್ದು 2025ರ ಸೆಪ್ಟೆಂಬರ್ 27ಕ್ಕೆ. ಟ್ಯಾಬ್ ತೆಗೆದರೆ ಐದು ವರ್ಷ ಇಟ್ಟುಕೊಳ್ಳುವವರು ನಾವು. ಇವತ್ತು ಇಲ್ಲದ ಟವರ್ ನಾಳೆ ಬರಬಹುದು, ಇವತ್ತು ಇಲ್ಲದ ಸಿಮ್ ಜಾಗ ನಾಳೆ ಬರುದಿಲ್ಲ.

ಈಗ ಎಚ್ಚರಿಕೆಯ ಮಾತು. ಸಿಮ್ ಹಾಕುವ ಎಲ್ಲ ಟ್ಯಾಬ್ ಒಂದೇ ಅಲ್ಲ. ಬಿಎಸ್‌ಎನ್‌ಎಲ್ 4ಜಿಗೆ 700 ಮೆಗಾಹರ್ಟ್ಸ್ ಉಂಟು, ಅದಕ್ಕೆ ಬ್ಯಾಂಡ್ 28 ಅಂತ ಹೆಸರು. ದೂರದ ಜಾತ್ರೆಯ ಮೈಕದಲ್ಲಿ ಪದ್ಯ ಕೇಳುದಿಲ್ಲ, ದುಂ ದುಂ ಮಾತ್ರ ಕೇಳ್ತದಲ್ಲ, ಹಾಗೆಯೇ ಕಡಿಮೆ ಕಂಪನದ ಅಲೆ ಮರ ದಾಟಿ ದೂರ ಬರ್ತದೆ. ನಮ್ಮಂಥ ಜಾಗಕ್ಕೆ ಬೇಕಾದದ್ದೇ ಅದು. ಬ್ಯಾಂಡ್ 28 ಇಲ್ಲದ ಟ್ಯಾಬ್ ತಂದ್ರೆ ಆ ಅಲೆ ಅದಕ್ಕೆ ಕಾಣುದೇ ಇಲ್ಲ. ಬೇರೆ ಕಂಪೆನಿಯ ಸಿಮ್ ಆದ್ರೂ ಅವರ ಬ್ಯಾಂಡ್ ಯಾವುದು ಕೇಳಿ, ಪಟ್ಟಿಗೆ ತಾಳೆ ನೋಡಿ.

ಓಟಿಪಿ ಟ್ಯಾಬಿಗೇ ಬರಲಿ ಅಂತ ಆಧಾರಿನ ನಂಬ್ರದ ಸಿಮ್ಮನ್ನು ಅದಕ್ಕೆ ಹಾಕ್ಬೇಡಿ. ಐಪ್ಯಾಡಿನಲ್ಲಿ ಸಿಮ್ ಇದ್ರೂ ಸಾಮಾನ್ಯ ಮೆಸೇಜ್ ಬರುದಿಲ್ಲ, ಮಾಮೂಲಿ ಕರೆಯೂ ಇಲ್ಲ. ಕೆಲವು ದುಬಾರಿ ಟ್ಯಾಬಿನಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ, ಇ-ಸಿಮ್ ಮಾತ್ರ. ನಿಮ್ಮ ಕಂಪೆನಿ ಕೊಡ್ತದಾ ಕೇಳಿಯೇ ಮುಂದುವರಿಯಿರಿ.

ಖರ್ಚನ್ನೂ ಲೆಕ್ಕ ಹಾಕಿ. ತಿಂಗಳು ಅಂತ ಅವರು ಹೇಳುದು 28 ದಿನಕ್ಕೆ, ಅಂದ್ರೆ ವರ್ಷಕ್ಕೆ 13 ರೀಚಾರ್ಜ್. 200 ರೂಪಾಯಿ ಹಿಡಿದರೂ 2,600 ಆಯ್ತು. ಆದ್ರೆ ವರ್ಷ ಪೂರ್ತಿ ಹಾಕ್ಬೇಕು ಅಂತ ಇಲ್ಲ. ಫೈಬರ್ ಇರುವವರು ಜೂನಿನಿಂದ ಸೆಪ್ಟೆಂಬರ್ ಮಾತ್ರ ಹಾಕಿದ್ರೂ ಸಾಕು, ಸಿಮ್ ಸಾಯದ ಹಾಗೆ ನಡುನಡುವೆ ನೋಡಿಕೊಂಡರೆ ಆಯ್ತು.

ವೈಫೈ ಮಾತ್ರದ್ದು ಯಾರಿಗೆ ಸಾಕು? ಎರಡು ತರದವರಿಗೆ. ಮನೆಯಲ್ಲಿ ಎರಡು ಒಳ್ಳೆ ಫೋನ್ ಇದ್ದು, ಒಂದು ಯಾವಾಗಲೂ ಮನೆಯಲ್ಲೇ ಉಳಿಯುವವರಿಗೆ. ಮತ್ತೆ, ಸಿಗ್ನಲ್ ಅಟ್ಟದ ಒಂದೇ ಮೂಲೆಯಲ್ಲಿ ಬರುವವರಿಗೆ. ಅಲ್ಲಿ ಸಿಮ್ ಟ್ಯಾಬ್ ತಂದ್ರೆ ಮಗು ಆ ಮೂಲೆಯಲ್ಲೇ ಕೂರಬೇಕು, ಅಡಿಕೆ ಗೋಣಿಯ ಮೇಲೆ. ಅದರ ಬದಲು ಆ ಮೂರ್ನಾಲ್ಕು ಸಾವಿರಕ್ಕೆ ಸಿಮ್ ಹಾಕುವ ಸಣ್ಣ ರೂಟರ್ ತಂದು ಆ ಮೂಲೆಯಲ್ಲಿ ಇಟ್ಟರೆ ಕೆಳಗೆ ಚಾವಡಿವರೆಗೆ ವೈಫೈ ಬರ್ತದೆ. ನಾನು ಕಡೆಗೆ ಮಾಡಿದ್ದೂ ಅದನ್ನೇ, ತಪ್ಪು ತಿದ್ದಲಿಕ್ಕೆ. ಅಟ್ಟದ ಮೂಡು ಕಿಟಕಿಯಲ್ಲಿ ರೂಟರ್, ಅದಕ್ಕೆ ಇನ್ವರ್ಟರಿನ ಲೈನ್. ಕೆಲಸ ಆಗ್ತದೆ, ಆದ್ರೆ ಸಮೀಕ್ಷೆಗೆ ತೋಟಕ್ಕೆ ಇಳಿಯುವಾಗ ಟ್ಯಾಬ್ ಮನೆಯಲ್ಲೇ.

ಹಾಗಾಗಿ ದುಡ್ಡು ಹಿಡಿದು ಹೊರಡುವ ಮೊದಲು ಒಂದು ಕೆಲಸ ಮಾಡಿ. ಎರಡು ಕಂಪೆನಿಯ ಸಿಮ್ ಯಾರದ್ದಾದ್ರೂ ಕೇಳಿ ತನ್ನಿ. ಮಳೆ ಬರುವ ಒಂದು ದಿನ, ರಾತ್ರಿ ಎಂಟು ಗಂಟೆಗೆ, ಮಕ್ಕಳು ಓದುವ ಜಾಗದಲ್ಲಿ ಕೂತು ಒಂದು ವೀಡಿಯೋ ಹಾಕಿ ನೋಡಿ. ಅಂಗಳದಲ್ಲಿ ನೋಡಿ, ತೋಟದಲ್ಲಿ ನೋಡಿ. ಎಲ್ಲೂ ಏನೂ ಬರದಿದ್ರೆ ಸಿಮ್ಮಿಗೆ ಈಗ ದುಡ್ಡು ಹಾಕ್ಬೇಡಿ, ಮೊದಲು ಪಂಚಾಯತಿಗೆ ಟವರಿನ ಅರ್ಜಿ ಕೊಡಿ. ಎರಡು ಗೆರೆ ಬಂದ್ರೂ ಸಾಕು, ಸಿಮ್ ಇರುವುದೇ ತನ್ನಿ.

ಕಕ್ಕಿಂಜೆಯಲ್ಲಿ ಕೇಳಿದವರಿಗೂ ಇದೇ ಉತ್ತರ. ಅವರ ಮನೆಗೂ ಹೋಗುವಾಗ ಒಂದು ಸಂಕ ಉಂಟು.