ಹಾಡುವವರ ಷಡ್ಜವನ್ನು 432ಕ್ಕೆ ಇಳಿಸುವುದೇಕೆ?

ಯೂಟ್ಯೂಬಿನಲ್ಲಿ ಮಂತ್ರ, ಭಜನೆ, ರಾಗ ಏನನ್ನೇ ಹುಡುಕಿದರೂ '432 ಹರ್ಟ್ಸ್' ಎಂಬ ಚೀಟಿ ಅಂಟಿಸಿಕೊಂಡ ಒಂದು ಆವೃತ್ತಿ ಎದುರಾಗುತ್ತದೆ. ಪಾಶ್ಚಾತ್ಯ ವಾದ್ಯಗಳು 'ಎ' ಸ್ವರಕ್ಕೆ 440 ಕಂಪನ ಎಂದು ಒಪ್ಪಿಕೊಂಡಿರುವುದರಿಂದ ಸಂಗೀತ ಕೆಟ್ಟಿದೆ, ಅದನ್ನು 432ಕ್ಕೆ ಇಳಿಸಿದರೆ ಪ್ರಕೃತಿಯ ನಾದ ಮರಳುತ್ತದೆ ಎಂಬುದು ಇದರ ಹಿಂದಿನ ನಂಬಿಕೆ. ಇಳಿಸುವುದು ಶೇಕಡಾ 1.8ರಷ್ಟು, ಅಂದರೆ ಪೇಟಿಯ ಅಕ್ಕಪಕ್ಕದ ಎರಡು ಮನೆಗಳ ಅಂತರದಲ್ಲಿ ಮೂರನೇ ಒಂದು ಭಾಗಕ್ಕಿಂತ ತುಸು ಕಡಿಮೆ. ವೇಗ ತಗ್ಗಿಸಿ ಇಳಿಸಿದರೆ ಹತ್ತು ನಿಮಿಷದ ಹಾಡು ಹನ್ನೊಂದು ಸೆಕೆಂಡು ಹಿಗ್ಗುತ್ತದೆ, ಅಷ್ಟೇ. ಪ್ರಕೃತಿಯ ಮಾತಿಗೆ ಬಂದರೆ, ಹರ್ಟ್ಸ್ ಎಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ. ದಿನವನ್ನು 86,400 ಪಾಲು ಮಾಡಿ ಸೆಕೆಂಡನ್ನು ಹುಟ್ಟಿಸಿದವನು ಮನುಷ್ಯ. ನಮ್ಮ ಪಂಚಾಂಗದ ವಿಘಳಿಗೆಯಲ್ಲಿ ಎಣಿಸಿದರೆ ಇದೇ ಸ್ವರಕ್ಕೆ 10,368 ಕಂಪನ. ಗಡಿಯಾರ ಬದಲಾದರೆ ಬದಲಾಗುವ ಅಂಕಿಯಲ್ಲಿ ಬ್ರಹ್ಮಾಂಡದ ಗುಟ್ಟು ಅಡಗಿರಲು ಹೇಗೆ ಸಾಧ್ಯ?

ಈ ಪ್ರಶ್ನೆಯನ್ನು ಬಸವಕಲ್ಯಾಣದಿಂದ ಕೇಳುವುದಕ್ಕೆ ಕಾರಣವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ 'ಮಾನಸೋಲ್ಲಾಸ' ಬರೆದಾಗ ಗೀತಕ್ಕೂ ವಾದ್ಯಕ್ಕೂ ನೃತ್ಯಕ್ಕೂ 'ವಿನೋದ' ಎಂಬ ಬೇರೆಬೇರೆ ಅಧ್ಯಾಯಗಳನ್ನೇ ಮೀಸಲಿಟ್ಟ. ಅವನ ಮಗ ಇಮ್ಮಡಿ ಜಗದೇಕಮಲ್ಲ 'ಸಂಗೀತಚೂಡಾಮಣಿ'ಯನ್ನು ರಚಿಸಿದ. ಮುಂದಿನ ಶತಮಾನದಲ್ಲಿ ದೇವಗಿರಿಯ ಶಾರ್ಙ್ಗದೇವ ತನ್ನ 'ಸಂಗೀತರತ್ನಾಕರ'ದಲ್ಲಿ ಪೂರ್ವಾಚಾರ್ಯರನ್ನು ನೆನೆಯುವಾಗ ಈ ಅಪ್ಪ ಮಗ ಇಬ್ಬರ ಹೆಸರನ್ನೂ ಹೇಳುತ್ತಾನೆ. ಇವರೆಲ್ಲ ಬೆಳೆದ ಶಾಸ್ತ್ರಪರಂಪರೆಯಲ್ಲಿ ಶ್ರುತಿ ಎಂಬುದು ಒಂಟಿ ಅಂಕಿಯಲ್ಲ, ಸಂಬಂಧ. ಭರತನ ನಾಟ್ಯಶಾಸ್ತ್ರದ ಪ್ರಯೋಗ ನೋಡಿ: ಒಂದೇ ಸಮನಾಗಿ ಕೂಡಿಸಿದ ಎರಡು ವೀಣೆಗಳಲ್ಲಿ ಒಂದನ್ನು ಹಾಗೆಯೇ ಬಿಟ್ಟು, ಇನ್ನೊಂದನ್ನು ಶ್ರುತಿ ಶ್ರುತಿಯಾಗಿ ಇಳಿಸುತ್ತ ಹೋಗಿ, ಅದರ ಯಾವ ಸ್ವರ ಇದರ ಯಾವ ಸ್ವರಕ್ಕೆ ಬಂದು ಸೇರುತ್ತದೆ ಎಂದು ಕಿವಿಯಿಂದ ಹಿಡಿಯುವುದು. ಮೊದಲ ವೀಣೆಯನ್ನು ಎಲ್ಲಿಂದ ಆರಂಭಿಸಬೇಕು ಎಂಬ ಕಟ್ಟಳೆಯೇ ಅಲ್ಲಿಲ್ಲ. ಕಲ್ಯಾಣದ ಪರಿಸರದಲ್ಲೇ 1817ರಲ್ಲಿ ಹುಟ್ಟಿ ಬೆಳೆದ ಸಂತ ಮಾಣಿಕಪ್ರಭುಗಳು ಹುಮನಾಬಾದಿನ ಬಳಿ ನೆಲೆಗೊಳಿಸಿದ ಮಾಣಿಕನಗರದಲ್ಲಿ ದತ್ತಜಯಂತಿಗೆ ಸಂಗೀತ ದರ್ಬಾರು ನಡೆಯುತ್ತದೆ. ಇಂಥ ಕಛೇರಿಯಲ್ಲಿ ಮೊದಲು ನಡೆಯುವ ಮಾತುಕತೆ ಏನು? ಹಾಡುವವರು 'ಕಾಳಿ ಒಂದು', ಅಂದರೆ ಪೇಟಿಯ ಮೊದಲ ಕಪ್ಪು ಮನೆ, ಎನ್ನುತ್ತಾರೆ, ಇಲ್ಲವೇ ಇವತ್ತು ಗಂಟಲು ಸರಿಯಿಲ್ಲ, ಸ್ವಲ್ಪ ಇಳಿಸಿ ಎನ್ನುತ್ತಾರೆ. ತಂಬೂರಿಯ ತಂತಿ ಸಡಿಲುತ್ತದೆ, ತಬಲಾದ ಮೇಲೆ ಸುತ್ತಿಗೆ ಆಡುತ್ತದೆ. ಷಡ್ಜ ಅಲ್ಲಿಗೆ ನಿಂತಿತು.

ಇಂಥ ಗಾಯನದ ಧ್ವನಿಮುದ್ರಿಕೆಯನ್ನು '440ರಿಂದ 432ಕ್ಕೆ' ತರುತ್ತೇವೆ ಎಂದರೆ, ಇಲ್ಲದ ರೋಗಕ್ಕೆ ಔಷಧ ಕೊಟ್ಟಂತೆ. ಒಬ್ಬರು ಕಾಳಿ ಒಂದಕ್ಕಿಂತ ತುಸು ಏರಿಸಿ, 143 ಕಂಪನಕ್ಕೆ ಷಡ್ಜವಿಟ್ಟು ಹಾಡಿದ್ದಾರೆ ಎಂದುಕೊಳ್ಳಿ. ಸಾಫ್ಟ್‌ವೇರು ಅದನ್ನು 140.4ಕ್ಕೆ ಇಳಿಸುತ್ತದೆ. ಆಗ ತಾರ ಷಡ್ಜಕ್ಕಿಂತ ಮೇಲಿನ ಪಂಚಮ ಸುಮಾರು 421ರಲ್ಲಿ, ಕೋಮಲ ಧೈವತ ಸುಮಾರು 449ರಲ್ಲಿ ಬರುತ್ತವೆ. ಚೀಟಿಯಲ್ಲಿ ಬರೆದ 432 ಅವೆರಡರ ನಡುವಿನ ಬಯಲಲ್ಲಿ ಬಿದ್ದಿರುತ್ತದೆ. ಆ ಹಾಡಿನ ಯಾವ ಸ್ವರವೂ ಅದಲ್ಲ. ಪರಿವರ್ತನೆ ಮಾಡಿದವರು ಇದನ್ನು ಅಳೆದು ನೋಡುವ ಗೋಜಿಗೇ ಹೋಗಿರುವುದಿಲ್ಲ.

432ರ ಹಿಂದೆ ಒಂದು ಗೌರವದ ಕಥೆಯೂ ಇದೆ, ಅದನ್ನು ಮುಚ್ಚಿಡಬೇಕಿಲ್ಲ. 19ನೇ ಶತಮಾನದ ಯುರೋಪಿನಲ್ಲಿ ವಾದ್ಯವೃಂದಗಳು ಝಗಮಗ ನಾದಕ್ಕಾಗಿ ಶ್ರುತಿಯನ್ನು ಏರಿಸುತ್ತ ಹೋದವು. ಅದಕ್ಕೆ ಕಡಿವಾಣ ಹಾಕಲು ಫ್ರಾನ್ಸ್ 1859ರಲ್ಲಿ 435 ಎಂದು ಕಾನೂನು ಮಾಡಿತು. 1884ರಲ್ಲಿ ಇಟಲಿಯ ಸಂಗೀತ ರಚನಕಾರ ವೆರ್ಡಿ 432ನ್ನು ಬೆಂಬಲಿಸಿದರು. 440ನ್ನು ನಾಜಿಗಳು ಹೇರಿದರು ಎಂಬ ಪುಕಾರು ನಿಲ್ಲುವುದಿಲ್ಲ. ಜರ್ಮನಿಯ ನಾದಸಂಶೋಧಕ ಶೈಬ್ಲರ್ 1834ರಲ್ಲೇ ಅದನ್ನು ಸೂಚಿಸಿದ್ದರು, 1939ರಲ್ಲಿ ಲಂಡನ್ನಿನ ಸಮ್ಮೇಳನ ಒಪ್ಪಿತು. ಗಮನಿಸಬೇಕಾದದ್ದು ಇಷ್ಟು: ಅಲ್ಲಿನ ಗಾಯಕರು ವಾದ್ಯಗಳ ಶ್ರುತಿಗೆ ತಲೆಬಾಗಬೇಕಿತ್ತು, ಆದ್ದರಿಂದ ಅವರ ಗಂಟಲು ಉಳಿಸಲು ಕಟ್ಟಳೆ ಬೇಕಾಯಿತು. ನಮ್ಮಲ್ಲಿ ವಾದ್ಯವೇ ಗಾಯಕರಿಗೆ ತಲೆಬಾಗುತ್ತದೆ.

ಕೇಳಿದರೆ ನಿಜಕ್ಕೂ ಹಿತವೆನಿಸುತ್ತದಲ್ಲ ಎನ್ನುವವರಿಗೆ ಉತ್ತರ ಕೊಡಬೇಕು. 2019ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದರಲ್ಲಿ 33 ಜನ ಎರಡೂ ಶ್ರುತಿಗಳಲ್ಲಿ ಸಂಗೀತ ಕೇಳಿದರು. 432ರಲ್ಲಿ ಎದೆಬಡಿತ ನಿಮಿಷಕ್ಕೆ ಸುಮಾರು ಐದರಷ್ಟು ಇಳಿದದ್ದು ಕಂಡಿತು. ಅದನ್ನು ನಡೆಸಿದವರೇ ಪೂರ್ವಭಾವಿ (ಪೈಲಟ್) ಅಧ್ಯಯನವೆಂದು ಕರೆದದ್ದು ಅದು. 33 ಜನರ ಮೇಲೆ ಅಷ್ಟು ದೊಡ್ಡ ಮನೆ ಕಟ್ಟಲಾಗದು. ಫಲಿತಾಂಶ ನಿಜವೇ ಆದರೂ ತಗ್ಗಿದ ಸ್ವರ ತುಸು ಶಾಂತವೆನಿಸುತ್ತದೆ ಎಂದಷ್ಟೇ ತಿಳಿಯುತ್ತದೆ, 431ಕ್ಕೋ 428ಕ್ಕೋ ಆ ಗುಣವಿಲ್ಲವೆಂದಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯಿದೆ: ಗಾಯಕರೇ ದಿನಕ್ಕೊಂದು ಷಡ್ಜ ಇಟ್ಟುಕೊಳ್ಳುವಾಗ ಕೇಳುಗರು ಇಳಿಸಿಕೊಂಡರೆ ತಪ್ಪೇನು? ಗಾಯಕರು ಷಡ್ಜ ಇಳಿಸಿದಾಗ ಸ್ವರ ತಗ್ಗುತ್ತದೆ, ಕಂಠದ ರಚನೆ ಬದಲಾಗುವುದಿಲ್ಲ. ತಾರಸ್ಥಾಯಿಯಲ್ಲಿ ಬೀಳುವ ಶ್ರಮ, ತಂಬೂರಿಯ ಜವಾರಿ ಎಲ್ಲವೂ ಹೊಸದಾಗಿ ಹೊಂದಿಕೊಳ್ಳುತ್ತವೆ. ಮುದ್ರಿಕೆಯ ವೇಗ ತಗ್ಗಿಸಿದರೆ ಕಂಠದ ಬಣ್ಣವೇ ಜೊತೆಗೆ ಜಾರುತ್ತದೆ. ವೇಗ ಉಳಿಸಿಕೊಂಡು ಶ್ರುತಿ ಮಾತ್ರ ಇಳಿಸುವ ತಂತ್ರದಲ್ಲಿ ತಬಲಾದ ಪೆಟ್ಟು ಮಸುಕಾಗುವ ಅಪಾಯವಿದೆ. ಭಜನಾ ಮಂಡಳಿಯವರು ತಮ್ಮ ಪೇಟಿಯ ಸ್ವರಕ್ಕೆ ಹೊಂದಿಸಿಕೊಂಡು ಕಲಿಯಲು ಮುದ್ರಿಕೆಯನ್ನು ಏರಿಸಿ ಇಳಿಸಿದರೆ ಅದು ಬೇರೆ ಮಾತು. ಅದು ಕಲಿಕೆಯ ಅನುಕೂಲ, ಯಾರೂ ಅದನ್ನೇ ಮೂಲವೆನ್ನುವುದಿಲ್ಲ.

ಶ್ರುತಿ ತಿದ್ದಲೇಬೇಕಾದ ಮುದ್ರಿಕೆಗಳೂ ಇವೆ. 78 ಸುತ್ತಿನವು ಎನ್ನುವ ಹಳೆಯ ಗ್ರಾಮಫೋನ್ ತಟ್ಟೆಗಳೆಲ್ಲ ಕರಾರುವಾಕ್ಕಾಗಿ 78ರ ವೇಗದಲ್ಲೇ ಮುದ್ರಣಗೊಂಡವಲ್ಲ. 76ರಲ್ಲಿ ಮುದ್ರಿಸಿದ್ದನ್ನು 78ರಲ್ಲಿ ನುಡಿಸಿದರೆ ಆಗುವ ವ್ಯತ್ಯಾಸ, 440ಕ್ಕೂ 432ಕ್ಕೂ ಇರುವುದಕ್ಕಿಂತ ದೊಡ್ಡದು. ಗಂಗೂಬಾಯಿ ಹಾನಗಲ್ ಅವರು ಮೊದಲ ದಿನಗಳಲ್ಲಿ 'ಗಾಂಧಾರಿ' ಎಂಬ ಹೆಸರಿನಲ್ಲಿ ಕೊಟ್ಟ ತಟ್ಟೆಗಳ ತೆಳು, ಎತ್ತರದ ಕಂಠಕ್ಕೂ, ಗಂಟಲ ಚಿಕಿತ್ಸೆಯ ನಂತರದ ಗಂಭೀರ ಕಂಠಕ್ಕೂ ಇರುವ ಅಂತರದಲ್ಲಿ ಎಷ್ಟು ಅವರದು, ಎಷ್ಟು ಯಂತ್ರದ್ದು ಎಂದು ಬೇರ್ಪಡಿಸಬೇಕಾದರೆ ತಟ್ಟೆಯ ನಾದ ಕೈಯಾಡಿಸದೆ ಸಿಗಬೇಕು. ಇಳಿಸಿದ ಪ್ರತಿ ಜನಪ್ರಿಯವಾಗಿ, ಅದನ್ನೇ ಇನ್ನೊಬ್ಬರು ನಕಲು ಮಾಡಿ, ಮೂರನೆಯವರು ಮತ್ತೆ ಇಳಿಸಿದರೆ ಆ ಲೆಕ್ಕ ಕೈತಪ್ಪುತ್ತದೆ. ಹಳೆಯ ವಚನಗಾಯನವನ್ನೋ ತತ್ತ್ವಪದವನ್ನೋ ಅಂತರ್ಜಾಲಕ್ಕೆ ಏರಿಸುವವರು ತಲೆಬರಹದಲ್ಲಿ 432ರ ಬದಲು ಮುದ್ರಿಕೆ ಯಾವ ತಟ್ಟೆಯಿಂದ ಅಥವಾ ಕ್ಯಾಸೆಟ್ಟಿನಿಂದ ಬಂತು, ಯಾವ ವೇಗದಲ್ಲಿ ನುಡಿಸಿದರು, ಷಡ್ಜ ಎಲ್ಲಿ ನಿಂತಿದೆ ಎಂದು ಬರೆಯಲಿ.