ವಸಂತದ ಹಕ್ಕಿಗಳೂ ಛಾಯಾಚಿತ್ರವೂ

ಹಕ್ಕಿಗಳ ಛಾಯಾಚಿತ್ರ ತೆಗೆಯುವ ಹವ್ಯಾಸವು ಈಚೆಗೆ ಗೃಹಸ್ಥರ ಮನೆಗಳನ್ನೂ ಹೊಕ್ಕಿರುವುದು ಸಂತೋಷದ ಸಂಗತಿಯೇ ಸರಿ. ಪೂರ್ವದಲ್ಲಿ ಪಕ್ಷಿಶಾಸ್ತ್ರಜ್ಞರು ಹಕ್ಕಿಯನ್ನು ಕೋವಿಯಿಂದ ಹೊಡೆದು, ಕೈಯಲ್ಲಿ ಹಿಡಿದು ಗುರುತಿಸುತ್ತಿದ್ದರು. ಈಗ ಆ ಹಿಂಸೆ ಬೇಕಿಲ್ಲ. ಆದರೆ ಚೈತ್ರದಿಂದ ಆಷಾಢದವರೆಗೆ ಈ ಕೆಲಸಕ್ಕೆ ತೊಡಗುವ ವಾಚಕ ಮಹಾಶಯರು ಕೊಂಚ ಎಚ್ಚರದಿಂದಿರತಕ್ಕದ್ದು.

ಮೊದಲನೆಯದಾಗಿ, ಈ ಕಾಲದಲ್ಲಿ ಹಕ್ಕಿಗಳು ವೇಷವನ್ನು ಬದಲಿಸುತ್ತವೆ. ಚಳಿಗಾಲದಲ್ಲಿ ಮಣ್ಣುಬಣ್ಣದ ಗೀರುಗಳನ್ನು ಹೊತ್ತು ಕೆರೆಯಂಚಿನಲ್ಲಿ ಕುಳಿತಿದ್ದ ಕೊಳದ ಬಕವು, ಬೇಸಗೆ ಬಂದೊಡನೆ ಬೆನ್ನ ಮೇಲೆ ಕೆಂಗಂದು ಬಣ್ಣದ ಗರಿಗಳನ್ನು ಹೊದೆದು, ಬೇರೊಂದು ಜಾತಿಯೇ ಎಂಬ ಭ್ರಾಂತಿಯನ್ನು ಹುಟ್ಟಿಸುತ್ತದೆ. ಕೋಗಿಲೆಯ ವಿಷಯ ಇನ್ನೂ ವಿನೋದವಾದುದು. ಕಡುಗಪ್ಪಿನದು ಗಂಡು, ಕಂದು ಮೈಯ ತುಂಬ ಬಿಳಿಯ ಚುಕ್ಕೆಗಳುಳ್ಳದ್ದು ಹೆಣ್ಣು. ಕುಹೂ ಎಂದು ಕೂಗುವುದು ಗಂಡೇ. ಸಂಸ್ಕೃತ ಕವಿಗಳು ಇದನ್ನು ಬಲ್ಲವರಾದುದರಿಂದ 'ಪುಂಸ್ಕೋಕಿಲ'ವೆಂದೇ ಹೆಸರಿಸಿದರು. ಗಾಯಕಿಯರಿಗೆ 'ಗಾನಕೋಗಿಲೆ' ಎಂಬ ಬಿರುದನ್ನು ಕೊಡುವ ಸಭೆಗಳವರು ಮಾತ್ರ ಇದನ್ನು ವಿಚಾರಿಸಿದಂತೆ ಕಾಣುವುದಿಲ್ಲ. ಆದ್ದರಿಂದ ಚಿತ್ರದ ಹಿಂದೆ ತಿಂಗಳು, ಸ್ಥಳ, ಕೂಗು ಇವನ್ನು ಬರೆದಿಡದಿದ್ದರೆ ಅದರ ಉಪಯೋಗ ಅರ್ಧವಾಯಿತೆಂದೇ ತಿಳಿಯಬೇಕು.

ಇನ್ನು ನಾವು ಮುಖ್ಯವಾಗಿ ಹೇಳಬೇಕೆಂದಿರುವುದು ಟಿಟ್ಟಿಭದ ಮಾತು. ಪಂಚತಂತ್ರವನ್ನು ಓದಿದವರೆಲ್ಲರಿಗೂ ಈ ಹಕ್ಕಿಯ ಪರಿಚಯವುಂಟು. ಸಮುದ್ರವು ಇದರ ಮೊಟ್ಟೆಗಳನ್ನು ಅಪಹರಿಸಲು, ಪಕ್ಷಿಗಳೆಲ್ಲ ಗರುಡನಲ್ಲಿ ಮೊರೆಯಿಟ್ಟು, ಕಡೆಗೆ ವಿಷ್ಣುವಿಗೆ ಹೆದರಿ ಸಮುದ್ರವು ಅವನ್ನು ಹಿಂದಕ್ಕೆ ಕೊಟ್ಟಿತಷ್ಟೆ. ನಮ್ಮ ಹೊಲಗಳಲ್ಲಿ ಇದರ ಎರಡು ಜಾತಿಗಳಿವೆ. ಕಣ್ಣಿನ ಮುಂದೆ ಕೆಂಪು ಚರ್ಮ, ಕಪ್ಪು ಎದೆ ಇದ್ದರೆ ಒಂದು. ಇದು ಸಾಮಾನ್ಯವಾಗಿ ನೀರಿನ ಸಮೀಪದಲ್ಲಿರುತ್ತದೆ. ಹಳದಿ ಚರ್ಮ, ಕಪ್ಪು ನೆತ್ತಿ, ಕಂದು ಎದೆ ಇದ್ದರೆ ಇನ್ನೊಂದು. ಇದಕ್ಕೆ ಒಣ ಬಯಲೇ ಪ್ರಿಯ. ಕಾಲು ಎರಡಕ್ಕೂ ಹಳದಿಯೇ ಆದುದರಿಂದ ಅದನ್ನು ನೋಡಿ ನಿರ್ಣಯಿಸಲಾಗದು.

ಗೂಡೆಂಬುದು ಇದಕ್ಕೆ ಹೆಸರಿಗೆ ಮಾತ್ರ. ಬಯಲು ನೆಲದಲ್ಲಿ ಚಿಕ್ಕ ತಗ್ಗು, ಸುತ್ತ ನಾಲ್ಕು ಬೆಣಚುಕಲ್ಲು. ಅದರಲ್ಲಿ ಮಣ್ಣಿನ ಬಣ್ಣದ, ಕಪ್ಪು ಮಚ್ಚೆಗಳ, ಸಾಧಾರಣವಾಗಿ 4 ಮೊಟ್ಟೆಗಳು. ಸುಮಾರು 4 ವಾರಗಳ ಕಾಲ ಗಂಡೂ ಹೆಣ್ಣೂ ಸರದಿಯಂತೆ ಇವನ್ನು ಕಾಯುತ್ತವೆ. ವೈಶಾಖದ ಮಧ್ಯಾಹ್ನದಲ್ಲಿ ಅವು ಮೊಟ್ಟೆಯ ಮೇಲೆ ನಿಲ್ಲುವುದು ಕಾವಿಗಾಗಿ ಅಲ್ಲ, ನೆರಳಿಗಾಗಿ. ಅಷ್ಟೇ ಅಲ್ಲದೆ, ನೀರಿಗೆ ಹೋಗಿ ಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡು ಬಂದು, ಆ ತೇವದಿಂದ ಮೊಟ್ಟೆಗಳನ್ನು ತಂಪುಮಾಡುತ್ತವೆ!

ಹೀಗಿರಲಾಗಿ, ಕ್ಯಾಮರಾ ಹಿಡಿದ ಮಹಾಶಯನೊಬ್ಬನು ಚಿತ್ರಕ್ಕೆಂದು ಅಲ್ಲಿಯೇ ಅರ್ಧ ಗಂಟೆ ಕುಳಿತನೆನ್ನೋಣ. ತಾಯಿತಂದೆಗಳು ತಲೆಯ ಮೇಲೆ ಕಿರಿಚುತ್ತ ಸುತ್ತುತ್ತವೆಯೇ ಹೊರತು ಮೊಟ್ಟೆಗೆ ಇಳಿಯವು. ಸುಡುವ ನೆಲದ ಮೇಲೆ ನೆರಳಿಲ್ಲದ ಮೊಟ್ಟೆಯೊಳಗಿನ ಜೀವಕ್ಕೆ ಅಷ್ಟು ಹೊತ್ತೇ ಸಾಕಾದೀತು. ಈ ಗಲಾಟೆಯನ್ನು ನೋಡುತ್ತಿರುವ ಕಾಗೆಗೂ ಸ್ಥಳ ತಿಳಿಯುತ್ತದೆ. ಚಿತ್ರ ಚೆನ್ನಾಗಿ ಬರಲೆಂದು ಕಲ್ಲನ್ನು ಸರಿಸುವವರೂ, ಮೊಟ್ಟೆಯನ್ನು ಮುಟ್ಟಿ ತಿರುಗಿಸುವವರೂ ಇದ್ದಾರೆಂದು ಕೇಳಿದ್ದೇವೆ. 1972ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಕಾಯಿದೆಯು, ಕಾಡುಹಕ್ಕಿಗಳ ಮೊಟ್ಟೆಯನ್ನಾಗಲಿ ಗೂಡನ್ನಾಗಲಿ ಕೆಡಿಸುವುದನ್ನೂ ಕದಲಿಸುವುದನ್ನೂ 'ಬೇಟೆ'ಯೆಂಬ ಪದದ ಅರ್ಥದಲ್ಲಿಯೇ ಸೇರಿಸಿದೆ. ಶಬ್ದಾರ್ಥವು ಇಲ್ಲಿ ಬಹಳ ಸರಿಯಾಗಿದೆಯೆಂದು ನಮ್ಮ ಅಭಿಪ್ರಾಯ.

ಹಾಗಾದರೆ ಚಿತ್ರ ಬೇಡವೇ? ಬೇಕು. ಹಕ್ಕಿ ಕಿರಿಚತೊಡಗಿತೆಂದರೆ ನಾವು ಆಗಲೇ ಮಿತಿಮೀರಿ ಹತ್ತಿರ ಬಂದಿದ್ದೇವೆಂದರ್ಥ. ಬಂದ ದಾರಿಯಲ್ಲೇ, ಕಾಲಿಡುವ ನೆಲವನ್ನು ನೋಡಿಕೊಂಡು, ಹಿಂದಿರುಗಬೇಕು. ಕೆಲವು ದಿನಗಳನ್ನು ಬಿಟ್ಟು ಬೆಳಗಿನ ತಂಪಿನಲ್ಲಿ ದೂರದ ಬದುವಿನ ಮರೆಯಲ್ಲಿ ನಿಂತರೆ ಇನ್ನೂ ಉತ್ತಮವಾದ ಚಿತ್ರ ದೊರೆತೀತು. ಏಕೆಂದರೆ ಈ ಮರಿಗಳು ಗೂಡಿನಲ್ಲಿ ಕುಳಿತು ತುತ್ತಿಗಾಗಿ ಬಾಯ್ತೆರೆಯುವ ಜಾತಿಯವಲ್ಲ. ಮೊಟ್ಟೆಯೊಡೆದು ಹೊರಬಂದ ಸ್ವಲ್ಪ ಹೊತ್ತಿನಲ್ಲೇ ತಾಯಿಯ ಹಿಂದೆ ಉದ್ದ ಕಾಲುಗಳಲ್ಲಿ ಓಡುತ್ತವೆ. ಅದು ಒಮ್ಮೆ ಎಚ್ಚರಿಕೆಯ ಕೂಗನ್ನು ಕೂಗಿತೋ, ಇದ್ದಲ್ಲಿಯೇ ನೆಲಕ್ಕೊರಗಿ ಹೆಂಟೆಗಳೊಡನೆ ಹೆಂಟೆಯಾಗಿಬಿಡುತ್ತವೆ.