ಕಣ್ಣೀರು ಅವಿಶ್ವಾಸವಲ್ಲ

ಆಪ್ತರ ಕಾಯಿಲೆಯೇ ದೇವರ ಕೊಡುಗೆ, ಅತ್ತರೆ ವಿಶ್ವಾಸ ಸಾಲದು ಎಂಬ ಕಳೆದ ಸಂಚಿಕೆಯ ಲೇಖನ ಓದಿ ನೋವಾಯಿತು. ಕ್ಯಾನ್ಸರ್ ಬಂದ ಹೆಂಡತಿಯ ಮಂಚದ ಪಕ್ಕ ಎರಡು ವರ್ಷ ಕೂತವನು ನಾನು. ಈ ಮಾತನ್ನು ಒಪ್ಪಲಾರೆ.

ಲೇಖಕರು ಹಿಡಿದ ಆಧಾರ ಥೆಸಲೊನೀಕದವರಿಗೆ ಪೌಲ ಬರೆದ ಮೊದಲ ಪತ್ರ. ಅಲ್ಲಿ ಪೌಲ ಕೇಳುವುದು ಎಲ್ಲ ಸ್ಥಿತಿಯಲ್ಲೂ ಕೃತಜ್ಞತೆಯನ್ನು. ಕೇಡನ್ನೇ ಒಳಿತೆಂದು ಕರೆಯಲು ಅವನು ಹೇಳಿಲ್ಲ. ಯೋಹಾನನ ಸುವಾರ್ತೆಯ 11ನೇ ಅಧ್ಯಾಯ ನೋಡಿ: ಲಾಜರನ ಸಾವಿಗೆ ಯೇಸು ಮೊದಲು ಅತ್ತರು, ತಂದೆಗೆ ಸ್ತೋತ್ರ ಸಲ್ಲಿಸಿದ್ದು ಆಮೇಲೆ. ಕ್ರಿಸ್ತನೇ ಅತ್ತ ಮೇಲೆ ನಮ್ಮ ಕಣ್ಣೀರು ತಪ್ಪಾಗುವುದು ಹೇಗೆ?

ದುಃಖವೂ ಕೃತಜ್ಞತೆಯೂ ಜೊತೆಗೇ ಇರಬಲ್ಲವು. ಸಾಹಿತಿ ಸಿ. ಎಸ್. ಲೂಯಿಸ್ ಅವರ ಪತ್ನಿ ಜಾಯ್ 1960ರಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. ಮರುವರ್ಷ ಬೇರೆ ಹೆಸರಿನಲ್ಲಿ ಲೂಯಿಸ್ ಪ್ರಕಟಿಸಿದ ಪುಸ್ತಕದಲ್ಲಿ ದೇವರ ಮೇಲಿನ ಸಿಟ್ಟೂ ಇದೆ, ಕಡೆಗೆ ಆಕೆಯನ್ನು ಕೊಟ್ಟ ದೇವರ ಸ್ತುತಿಯೂ ಇದೆ.

ನಾನೂ ದೇವರಿಗೆ ಕೃತಜ್ಞ. ಕೀಮೋ ದಿನ ಗಂಜಿ ತಂದ ನೆರೆಯವರಿಗಾಗಿ, ರಾತ್ರಿಪಾಳಿಯ ನರ್ಸ್‌ಗಾಗಿ, ನನ್ನ ಹೆಂಡತಿ ನಕ್ಕ ಬೆಳಗುಗಳಿಗಾಗಿ. ಕಾಯಿಲೆಗಾಗಿ ಮಾತ್ರ ಎಂದೂ ಅಲ್ಲ.

ಸಭೆಯವರಲ್ಲಿ ನನ್ನ ವಿನಂತಿ ಇಷ್ಟೇ: ರೋಗಿಯ ಮನೆಗೆ ಉಪದೇಶ ಒಯ್ಯಬೇಡಿ, ಬುತ್ತಿ ಒಯ್ಯಿರಿ. ಅಳುವವರ ಪಕ್ಕ ಸುಮ್ಮನೆ ಕೂತಿರಿ.